ಅಫೆಕ್ಟೋ ಎಫೆಕ್ಟೋ? ಮೊದಲು ಕನ್ನಡದಲ್ಲಿ ಕೇಳಿಕೊಳ್ಳಿ

ಇಂಗ್ಲಿಷಿನಲ್ಲಿ ಗೊಂದಲ ಹುಟ್ಟಿಸುವ ಪದಗಳ ಯಾವ ಪಟ್ಟಿಯನ್ನು ತೆಗೆದರೂ ಮೊದಲ ಸಾಲಲ್ಲೇ 'ದೇರ್' ಕೂತಿರುತ್ತದೆ. ಸದ್ದು ಒಂದೇ, ಬರೆಯುವ ರೀತಿ ಮೂರು. ಇಂಥ ಪಟ್ಟಿಗಳಲ್ಲಿ ಬಹುಪಾಲು ಇಂಗ್ಲಿಷನ್ನೇ ಮನೆಮಾತಾಗಿ ಆಡುವವರಿಗೆಂದು ಮಾಡಿದವು. ಅವರು ಮೊದಲು ಕಿವಿಯಿಂದ ಕಲಿತು ಆಮೇಲೆ ಕೈಗೆ ಪೆನ್ನು ತೆಗೆದುಕೊಂಡವರು, ಹಾಗಾಗಿ ಒಂದೇ ಥರ ಕೇಳಿಸುವ ಪದಗಳು ಅವರನ್ನು ಎಡವಿಸುತ್ತವೆ. ಕನ್ನಡಿಗರು ಎಡವುವ ಜಾಗವೇ ಬೇರೆ. ಆ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ನಮಗೆ ಇಲ್ಲದ ಕಾಯಿಲೆಗೆ ಔಷಧಿ ತಿಂದಂತೆ.

'ದೇರ್' ಪದವನ್ನೇ ನೋಡಿ. ಹೇಳಬೇಕಾದದ್ದನ್ನು ಕನ್ನಡದಲ್ಲಿ ಅಂದುಕೊಳ್ಳಿ. 'ಅವರ' ಎಂದು ಬಂದರೆ ಟಿ-ಎಚ್-ಇ-ಐ-ಆರ್. 'ಅವರು' ಎಂದು ಬಂದರೆ ದೇ ಆರ್ ಎಂಬುದರ ಸಂಕ್ಷೇಪ, ನಡುವೆ ಅಪಾಸ್ಟ್ರಫಿ. 'ಅಲ್ಲಿ' ಎಂದು ಬಂದರೆ ಟಿ-ಎಚ್-ಇ-ಆರ್-ಇ. 'ಎರಡು ರೂಮಿವೆ' ಅನ್ನುವಂಥ ಕಡೆ ಕನ್ನಡದಲ್ಲಿ 'ಅಲ್ಲಿ' ಇಲ್ಲದಿದ್ದರೂ ಇಂಗ್ಲಿಷಿನಲ್ಲಿ ಈ ಮೂರನೆಯದೇ ಬರುತ್ತದೆ: ದೇರ್ ಆರ್ ಟೂ ರೂಮ್ಸ್. ಇಟ್ಸ್, ಯುವರ್, ಹೂಸ್ ಮೂರಕ್ಕೂ ಇದೇ ಪರೀಕ್ಷೆ ಸಾಕು. 'ಅದರ, ನಿಮ್ಮ, ಯಾರ' ಎಂದು ಷಷ್ಠಿ ವಿಭಕ್ತಿ ಬಂದರೆ ಅಪಾಸ್ಟ್ರಫಿ ಬೇಡ. 'ಅದು, ನೀವು, ಯಾರು' ಎಂದು ಪ್ರಥಮೆ ಬಂದರೆ ಬೇಕು. ಇದು ಸರ್ವನಾಮಕ್ಕೆ ಮಾತ್ರ. 'ರವಿಯ ಮನೆ' ಅನ್ನುವಾಗ ಹೆಸರಿನ ಮುಂದೆ ಅಪಾಸ್ಟ್ರಫಿ ಹಾಕಲೇಬೇಕು.

'ದ್ಯಾನ್' ಮತ್ತು 'ದೆನ್' ಇನ್ನೂ ಸುಲಭ. 'ಗಿಂತ' ಬಂದರೆ ದ್ಯಾನ್, ನಡುವೆ ಎ. 'ಆಮೇಲೆ', 'ಆಗ' ಬಂದರೆ ದೆನ್, ನಡುವೆ ಇ. 'ವೆದರ್' ಎರಡಿವೆ. ಕನ್ನಡ ವಾಕ್ಯದಲ್ಲಿ 'ಬರ್ತಾನೋ ಇಲ್ವೋ' ಎಂಬಂತೆ ಕೊನೆಗೆ ಓ ಅಂಟಿಕೊಂಡಿದ್ದರೆ ಡಬ್ಲ್ಯುಎಚ್‌ನಿಂದ ಶುರುವಾಗುವುದು, ಮಳೆ ಬಿಸಿಲಿನ ಮಾತಾದರೆ ಡಬ್ಲ್ಯುಇಎ.

ಮಾಡು, ಆಗು ಕಳಚಿದಾಗ

ನಮ್ಮ ನಿಜವಾದ ತೊಂದರೆ ಶುರುವಾಗುವುದು ಇಲ್ಲಿ. ದಿನದ ಮಾತಿನಲ್ಲಿ ನಾವು ಎಷ್ಟೋ ಇಂಗ್ಲಿಷ್ ನಾಮಪದಗಳನ್ನು ಎತ್ತಿಕೊಂಡು ಅವಕ್ಕೆ ಮಾಡು, ಆಗು, ಕೊಡು ಸೇರಿಸಿ ಕ್ರಿಯೆಯ ಕೆಲಸ ಮಾಡಿಸುತ್ತೇವೆ. ಬಿಸಿನೆಸ್ಸಲ್ಲಿ ಲಾಸ್ ಆಯ್ತು. ಆಪರೇಷನ್ ಸಕ್ಸೆಸ್ ಆಯ್ತು. ಅವರ ತಂದೆ ಡೆತ್ ಆದ್ರು. ತಂಗಿಗೆ ಮ್ಯಾರೇಜ್ ಆಯ್ತು. ಡಾಕ್ಟರು ಅಡ್ವೈಸ್ ಮಾಡಿದ್ರು. ಕನ್ನಡದಲ್ಲಿ ಇದಕ್ಕೇನೂ ಕೊರತೆಯಿಲ್ಲ. ಅದೇ ವಾಕ್ಯ ಇಂಗ್ಲಿಷಿಗೆ ಹೋಗುವಾಗ ಮಾಡು-ಆಗು ಕಳಚಿ ಬೀಳುತ್ತದೆ, ನಾಮಪದ ಒಂಟಿಯಾಗಿ ಕ್ರಿಯಾಪದದ ಜಾಗದಲ್ಲಿ ನಿಂತುಬಿಡುತ್ತದೆ. 'ವಿ ವಿಲ್ ಸಕ್ಸೆಸ್', 'ಹಿಸ್ ಫಾದರ್ ಈಸ್ ಡೆತ್', 'ಐ ವಿಲ್ ಲಾಸ್ ಮೈ ಸೀಟ್' ಎಲ್ಲ ಹುಟ್ಟುವುದು ಹೀಗೆ.

ಪರೀಕ್ಷೆ ಇಷ್ಟು. ವಾಕ್ಯವನ್ನು ಕನ್ನಡದಲ್ಲಿ ಹೇಳಿ, ಆ ಇಂಗ್ಲಿಷ್ ಪದದ ಬಾಲ ನೋಡಿ. ಬಾಲದಲ್ಲಿ ಮಾಡು, ಆಗು, ಕೊಡು ಇದ್ದರೆ ಇಂಗ್ಲಿಷಿನಲ್ಲಿ ಕ್ರಿಯಾರೂಪ ಬೇಕು: ಸಕ್ಸೀಡ್, ಡೈ, ಲೂಜ಼್, ಮ್ಯಾರಿ, ಪ್ರೂವ್, ಚೂಜ಼್. ಬಾಲದಲ್ಲಿ ಅನ್ನು, ಇಂದ, ಗೆ, ಅಲ್ಲಿ ಎಂಬ ವಿಭಕ್ತಿ ಇದ್ದರೆ ನಾಮರೂಪ: ಸಕ್ಸೆಸ್, ಡೆತ್, ಲಾಸ್, ಮ್ಯಾರೇಜ್, ಪ್ರೂಫ್, ಚಾಯ್ಸ್. (ನುಕ್ತೆ ಹಾಕಿದ ಜ಼ ಅಂದರೆ ಝಡ್ ಅಕ್ಷರದ ಸದ್ದು. ಅದರ ಕಥೆ ಮುಂದಿದೆ.)

ಅಫೆಕ್ಟ್-ಎಫೆಕ್ಟ್ ಜಗಳವೂ ಇಲ್ಲಿಯದೇ. ಟಿವಿ ಚಾನೆಲ್ಲುಗಳು 'ಮಳೆ ಎಫೆಕ್ಟ್' ಎಂದು ಪರದೆ ತುಂಬ ಬರೆದು ಬರೆದು, ನಾಮಪದವಾದ ಎಫೆಕ್ಟ್ ಆಗಲೇ ಕನ್ನಡದ್ದೇ ಆಗಿದೆ. ಅಫೆಕ್ಟ್ ನಮ್ಮ ಮಾತಿಗೆ ಅಷ್ಟಾಗಿ ಬಂದಿಲ್ಲ. ಎರಡು ವಾಕ್ಯ ಪಕ್ಕಪಕ್ಕ ಇಡೋಣ. 'ಮಳೆಯಿಂದ ಬೆಳೆಗೆ ಎಫೆಕ್ಟ್ ಆಯ್ತು' ಎಂಬಲ್ಲಿ ಬಾಲಕ್ಕೆ ಆಗು ಇದೆ, ಆದ್ದರಿಂದ 'ದ ರೇನ್ ಅಫೆಕ್ಟೆಡ್ ದ ಕ್ರಾಪ್', ಎ ಅಕ್ಷರದಿಂದ. 'ಮಳೆ ಎಫೆಕ್ಟ್‌ನಿಂದ ತರಕಾರಿ ಬೆಲೆ ಏರಿತು' ಎಂಬಲ್ಲಿ ಬಾಲಕ್ಕೆ ಇಂದ ಇದೆ, ಆದ್ದರಿಂದ ಎಫೆಕ್ಟ್, ಇ ಅಕ್ಷರದಿಂದ. ಇಂಗ್ಲಿಷಿನಲ್ಲೂ ಬೇರೊಂದು ಕ್ರಿಯಾಪದ ಹಾಕಿ 'ಹ್ಯಾಡ್ ಆನ್ ಎಫೆಕ್ಟ್' ಎಂದರೆ ಆಗಲೂ ಇ. ಹಿಂದೆ ಆನ್, ದ, ನೋ, ಎನಿ, ಸೈಡ್ ಇವುಗಳಲ್ಲಿ ಒಂದಿದ್ದರೆ ಕಣ್ಣು ಮುಚ್ಚಿ ಇ ಬರೆಯಬಹುದು. ಒಂದು ತಿರುವು ಇದೆ: 'ಜಾರಿಗೆ ತರು' ಎಂಬ ಅರ್ಥದಲ್ಲಿ ಎಫೆಕ್ಟ್ ತಾನೇ ಕ್ರಿಯಾಪದವಾಗುತ್ತದೆ. ಅದು ಸರ್ಕಾರಿ ಆದೇಶ, ಕಾನೂನು ಪತ್ರಗಳ ಭಾಷೆ. ನಿತ್ಯದ ಇಮೇಲಿನಲ್ಲಿ ಅದರ ಗೊಡವೆ ಬೇಡ.

ಅಡ್ವೈಸ್-ಅಡ್ವೈಜ಼್, ಪ್ರಾಕ್ಟೀಸ್, ಲೈಸೆನ್ಸ್ ಪದಗಳಲ್ಲಿ ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್. ಇದು ಬ್ರಿಟಿಷ್ ಪದ್ಧತಿ, ಭಾರತ ಅನುಸರಿಸುವುದೂ ಇದನ್ನೇ. ನಂಬಿಕೆ ಬರದಿದ್ದರೆ ಜೇಬಿನ ಡಿಎಲ್ ತೆಗೆದು ನೋಡಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿರುವಂತೆಯೇ ಅದರಲ್ಲೂ ಲೈಸೆನ್ಸ್ ಪದದೊಳಗೆ ಎರಡು ಕಡೆಯೂ ಸಿ ಇದೆ. ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿ ಲೈಸೆನ್ಸಿಗೆ ನಾಮಪದವಾದರೂ ಎಸ್, ಪ್ರಾಕ್ಟೀಸಿಗೆ ಕ್ರಿಯಾಪದವಾದರೂ ಸಿ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಭಾಷೆ ಅಮೆರಿಕನ್ ಇಂಗ್ಲಿಷಿಗೆ ಸೆಟ್ ಆಗಿದ್ದರೆ ಸರಿಯಾಗಿ ಬರೆದ ಲೈಸೆನ್ಸಿನ ಕೆಳಗೂ ಕೆಂಪು ಗೆರೆ ಬರುತ್ತದೆ. ರಿವ್ಯೂ ಟ್ಯಾಬ್, ಅದರಲ್ಲಿ ಲ್ಯಾಂಗ್ವೇಜ್, ಅಲ್ಲಿ ಪ್ರೂಫಿಂಗ್ ಲ್ಯಾಂಗ್ವೇಜ್ ತೆರೆದು ಇಂಗ್ಲಿಷ್ ಇಂಡಿಯಾ ಅಥವಾ ಯುನೈಟೆಡ್ ಕಿಂಗ್ಡಮ್ ಆರಿಸಿದರೆ ಆ ಗೆರೆ ಹೋಗುತ್ತದೆ. ಅಡ್ವೈಸ್ ಮಾತ್ರ ಎರಡೂ ದೇಶದಲ್ಲಿ ಒಂದೇ: ಸಲಹೆ ಆದರೆ ಸಿ, ಸಲಹೆ ಕೊಡು ಆದರೆ ಎಸ್. ಸಲಹೆ ಎಷ್ಟೇ ಇದ್ದರೂ ಅದಕ್ಕೆ ಬಹುವಚನವಿಲ್ಲ. 'ಅಡ್ವೈಸಸ್' ಎಂಬ ನಾಮಪದ ಬರೆಯಬೇಡಿ.

'ಇಂದ' ಒಂದೇ, ಇಂಗ್ಲಿಷ್ ಎರಡು

'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್.' ಬೆಂಗಳೂರಿನ ಇಂಟರ್‌ವ್ಯೂ ಕೋಣೆಗಳಲ್ಲಿ ಇಷ್ಟು ಸಲೀಸಾಗಿ ಓಡಾಡುವ ತಪ್ಪು ಇನ್ನೊಂದಿರಲಾರದು. ಕಾರಣ ನಮ್ಮ 'ಇಂದ'. 'ಮೂರು ವರ್ಷದಿಂದ' ಅನ್ನುತ್ತೇವೆ, '2019ರಿಂದ' ಅಂತಲೂ ಅನ್ನುತ್ತೇವೆ, ಪ್ರತ್ಯಯ ಒಂದೇ. ಇಂಗ್ಲಿಷ್ ಇಲ್ಲಿ ಒಂದು ಪ್ರಶ್ನೆ ಕೇಳುತ್ತದೆ: ನೀವು ಹೇಳುತ್ತಿರುವುದು ಶುರುವಾದ ಗಳಿಗೆಯನ್ನೋ, ಕಳೆದ ಅವಧಿಯ ಉದ್ದವನ್ನೋ? ಗಳಿಗೆಯಾದರೆ ಸಿನ್ಸ್: ಸಿನ್ಸ್ 2019, ಸಿನ್ಸ್ ಮಂಡೇ, ಸಿನ್ಸ್ ಯುಗಾದಿ. ಉದ್ದವಾದರೆ ಫಾರ್: ಫಾರ್ ತ್ರೀ ಇಯರ್ಸ್, ಫಾರ್ ಟೂ ಅವರ್ಸ್. ಪಕ್ಕಾ ಆಗಬೇಕೆಂದರೆ ಆ ಪದವನ್ನು ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರಿಸಲು ಆಗುತ್ತದೆಯೇ ನೋಡಿ. ಸೋಮವಾರವನ್ನು ತೋರಿಸಬಹುದು, 'ಮೂರು ವರ್ಷ'ವನ್ನು ತೋರಿಸಲಾಗದು.

ವಾಕ್ಯದ ಕ್ರಿಯಾಪದವನ್ನೂ ತಿದ್ದಬೇಕು. ಈಗಲೂ ಅಲ್ಲೇ ಕೆಲಸ ಮಾಡುತ್ತಿದ್ದೀರಿ ಎಂದರೆ 'ಆಮ್ ವರ್ಕಿಂಗ್' ಸಾಲದು, 'ಹ್ಯಾವ್ ಬೀನ್ ವರ್ಕಿಂಗ್' ಬೇಕು. 'ವರ್ಕ್ಡ್ ಫಾರ್ ತ್ರೀ ಇಯರ್ಸ್' ಎಂದರೆ ಆ ಕೆಲಸ ಬಿಟ್ಟಾಯಿತು ಎಂದೇ ಕೇಳುವವರು ತಿಳಿಯುತ್ತಾರೆ. ರೆಸ್ಯೂಮೆಯಲ್ಲಿ ಈ ಎರಡರ ನಡುವೆ ದೊಡ್ಡ ವ್ಯತ್ಯಾಸವಿದೆ. 'ಫ್ರಮ್ ಲಾಸ್ಟ್ ಟೂ ಇಯರ್ಸ್' ಕೂಡ ಅದೇ 'ಇಂದ'ದ ಮರಿ. ಅದು 'ಫಾರ್ ದ ಲಾಸ್ಟ್ ಟೂ ಇಯರ್ಸ್' ಆಗಬೇಕು.

'ಒಳಗೆ' ಎಂಬುದರಲ್ಲೂ ಇದೇ ಗಂಟು. 'ಶುಕ್ರವಾರದೊಳಗೆ ಕೊಡ್ತೀನಿ', 'ಮೂರು ದಿನದೊಳಗೆ ಕೊಡ್ತೀನಿ'. ಇದನ್ನು ಹಾಗೇ ಎತ್ತಿಟ್ಟರೆ 'ವಿದಿನ್ ಫ್ರೈಡೇ' ಎಂಬ ವಿಚಿತ್ರ ಹುಟ್ಟುತ್ತದೆ. ಮತ್ತೆ ಅದೇ ಪ್ರಶ್ನೆ ಕೇಳಿ. ಬೆರಳಿಟ್ಟು ತೋರಿಸಬಹುದಾದ ದಿನವಾದರೆ ಬೈ: ಬೈ ಫ್ರೈಡೇ. ಉದ್ದವಾದರೆ ವಿದಿನ್: ವಿದಿನ್ ತ್ರೀ ಡೇಸ್. 'ವರೆಗೆ' ಅಥವಾ 'ತನಕ' ಬಂದರೆ ಮಾತ್ರ ಟಿಲ್. ಅಂಗಡಿ ಒಂಬತ್ತರ ತನಕ ತೆರೆದಿರುತ್ತದೆ, ಟಿಲ್ ನೈನ್. 'ಐ ವಿಲ್ ಸಬ್ಮಿಟ್ ದ ರಿಪೋರ್ಟ್ ಟಿಲ್ ಫ್ರೈಡೇ' ಎಂದು ಬರೆದರೆ ಶುಕ್ರವಾರದ ತನಕ ಅದನ್ನೇ ಸಲ್ಲಿಸುತ್ತಾ ಕೂರುತ್ತೇನೆ ಎಂದಾಗುತ್ತದೆ. ಬೈ ಫ್ರೈಡೇ ಅಂದರೆ ಶುಕ್ರವಾರ ಸೇರಿತೋ ಇಲ್ಲವೋ ಎಂಬ ತಕರಾರು ಆಫೀಸುಗಳಲ್ಲಿ ಏಳುತ್ತಲೇ ಇರುತ್ತದೆ. ಅದಕ್ಕೆ ವ್ಯಾಕರಣದಲ್ಲಿ ಮದ್ದು ಹುಡುಕುವುದಕ್ಕಿಂತ ದಿನದ ಜೊತೆ ಗಂಟೆಯನ್ನೂ ಬರೆದುಬಿಡುವುದು ಒಳ್ಳೆಯದು.

'ಇಸು' ಕೊಡುವ ಸುಳಿವು

ರೈಸ್ ಮತ್ತು ರೇಸ್, ಅಂದರೆ ಏರುವುದಕ್ಕೂ ಏರಿಸುವುದಕ್ಕೂ ಇಂಗ್ಲಿಷಿನಲ್ಲಿ ಇರುವ ಎರಡು ಕ್ರಿಯಾಪದಗಳು, ಇಂಗ್ಲಿಷರನ್ನೇ ಕಾಡುತ್ತವೆ. ನಮ್ಮ ಬಳಿ 'ಇಸು' ಇರುವುದರಿಂದ ಕಷ್ಟವಿಲ್ಲ. 'ಬೆಲೆ ಏರಿತು' ಎಂದರೆ ರೋಸ್. 'ಬೆಲೆ ಏರಿಸಿದರು' ಎಂದರೆ ರೇಸ್ಡ್. 'ಪ್ರೈಸಸ್ ರೇಸ್ಡ್ ಯೆಸ್ಟರ್ಡೇ' ತಪ್ಪು, ಏಕೆಂದರೆ ಬೆಲೆ ತಾನೇ ಏನನ್ನೂ ಏರಿಸುವುದಿಲ್ಲ. ರೂಪಗಳು: ರೈಸ್, ರೋಸ್, ರಿಸನ್; ಇನ್ನೊಂದು ರೇಸ್, ರೇಸ್ಡ್, ರೇಸ್ಡ್. ಸಂಬಳದ ಹೆಚ್ಚಳವನ್ನು ಮಾತ್ರ ಬ್ರಿಟನ್ನಿನವರು ರೈಸ್ ಅಂತಲೂ ಅಮೆರಿಕದವರು ರೇಸ್ ಅಂತಲೂ ಕರೆಯುತ್ತಾರೆ. ಅಲ್ಲಿ ಇಸು ಕೆಲಸಕ್ಕೆ ಬಾರದು.

ಲೈ ಮತ್ತು ಲೇ ಸ್ವಲ್ಪ ಸಿಕ್ಕು. ಮಲಗು, ಬಿದ್ದಿರು ಎಂದರೆ ಲೈ. ಇಡು, ಹಾಸು, ಮಲಗಿಸು ಎಂದರೆ ಲೇ, ಅದಕ್ಕೆ ಕರ್ಮಪದ ಬೇಕೇ ಬೇಕು. ಕೋಳಿ ಮೊಟ್ಟೆ ಇಡುತ್ತದೆ, ಮಂತ್ರಿಗಳು ಅಡಿಗಲ್ಲು ಇಡುತ್ತಾರೆ, ಎರಡೂ ಲೇ. ಸಿಕ್ಕು ಎಲ್ಲಿದೆಯೆಂದರೆ ಮಲಗು ಎಂಬ ಲೈನ ಭೂತಕಾಲವೂ ಲೇ! ಲೈ, ಲೇ, ಲೇನ್ ಒಂದು ಸಾಲು. ಲೇ, ಲೇಡ್, ಲೇಡ್ ಇನ್ನೊಂದು. ಸುಳ್ಳು ಹೇಳುವ ಲೈಗೆ ಲೈಡ್. ಈ ಮೂರು ಸಾಲನ್ನು ಮಾತ್ರ ಬಾಯಿಪಾಠ ಮಾಡಲೇಬೇಕು, ಬೇರೆ ದಾರಿಯಿಲ್ಲ. 'ನಿನ್ನೆ ಮಧ್ಯಾಹ್ನ ಮಲಗಿದ್ದೆ' ಎನ್ನಲು 'ಐ ಲೇ ಡೌನ್'.

ರಿಮೆಂಬರ್ ಮತ್ತು ರಿಮೈಂಡ್‌ಗೂ ಇಸು ಸಾಕು. ನೆನಪಾಗು, ನೆನಪಿಟ್ಟುಕೋ ಎಂದರೆ ರಿಮೆಂಬರ್. ನೆನಪಿಸು ಎಂದರೆ ರಿಮೈಂಡ್. 'ನಾಳೆ ಸ್ವಲ್ಪ ನೆನಪು ಮಾಡಿ' ಎಂದು ಸಹೋದ್ಯೋಗಿಗೆ ಹೇಳುವಾಗ ರಿಮೈಂಡ್ ಮಿ, 'ರಿಮೆಂಬರ್ ಮಿ' ಅಲ್ಲ. ರಿಮೆಂಬರ್ ಮಿ ಅಂದರೆ ನನ್ನನ್ನು ಮರೆಯಬೇಡಿ ಎಂದು ಬೀಳ್ಕೊಟ್ಟಂತೆ.

ಸಾಲದ ವಿಷಯದಲ್ಲಿ ವಿಭಕ್ತಿ ನೋಡಿ. 'ಅವನಿಗೆ' ಇದ್ದರೆ ಲೆಂಡ್, 'ಅವನಿಂದ' ಅಥವಾ 'ಅವನ ಹತ್ತಿರ' ಇದ್ದರೆ ಬಾರೋ. 'ಬಾರೋ ಮಿ ಯುವರ್ ಪೆನ್' ಅನ್ನುವಲ್ಲಿ 'ನನಗೆ' ಇದೆ, ಆದ್ದರಿಂದ ಲೆಂಡ್. 'ಹೇಳು' ಎಂಬುದಕ್ಕೆ ಸೇ, ಟೆಲ್ ಎರಡಿವೆ. 'ನನಗೆ ಹೇಳಿದ' ಎಂದು ಕೇಳುವವರು ವಾಕ್ಯದಲ್ಲಿದ್ದರೆ ಟೋಲ್ಡ್ ಮಿ. ಬರೀ 'ಹೇಳಿದ' ಎಂದಿದ್ದರೆ ಸೆಡ್. 'ಹಿ ಟೋಲ್ಡ್ ದಟ್', 'ಹಿ ಸೆಡ್ ಮಿ' ಎರಡೂ ತಪ್ಪು.

ಆನ್‌ಲೈನ್ ಮೀಟಿಂಗುಗಳಲ್ಲಿ 'ಆರ್ ಯು ಹಿಯರಿಂಗ್ ಮಿ' ಎಂದು ಕೇಳುವವರಿಗೂ ಕನ್ನಡದಲ್ಲೇ ಉತ್ತರವಿದೆ. 'ನನಗೆ ಕೇಳಿಸ್ತಿದೆ', 'ನನಗೆ ಕಾಣ್ತಿದೆ' ಎಂದು 'ನನಗೆ' ಬಂದರೆ ಅದು ತಾನಾಗಿ ಆಗುವುದು: ಹಿಯರ್, ಸೀ. 'ನಾನು ಕೇಳ್ತಿದ್ದೀನಿ', 'ನಾನು ನೋಡ್ತಿದ್ದೀನಿ' ಎಂದು 'ನಾನು' ಬಂದರೆ ಗಮನವಿಟ್ಟು ಮಾಡುವುದು: ಲಿಸನ್, ಲುಕ್, ವಾಚ್. ಮೊದಲ ಗುಂಪಿಗೆ ಇಂಗ್ ಹಚ್ಚುವುದಿಲ್ಲ, ಕ್ಯಾನ್ ಹಚ್ಚುತ್ತೇವೆ: ಕ್ಯಾನ್ ಯು ಹಿಯರ್ ಮಿ? ಈ ಪರೀಕ್ಷೆ ಎಲ್ಲ ಕಡೆ ಹಿಡಿಯುವುದಿಲ್ಲ. 'ನಾನು ನಾಳೆ ಡಾಕ್ಟರನ್ನು ನೋಡ್ತೀನಿ' ಎಂಬಲ್ಲಿ ಭೇಟಿಯ ಅರ್ಥ, ಅಲ್ಲಿ ಸೀ ಬರುತ್ತದೆ.

ಸ, ಜ಼ ಮತ್ತು ಸೈಟು

ಎಸ್ ಮತ್ತು ಝಡ್ ಸದ್ದುಗಳನ್ನು ನಾವು ಸಾಮಾನ್ಯವಾಗಿ ಒಂದೇ 'ಸ'ದಲ್ಲಿ ಮುಗಿಸುತ್ತೇವೆ. 'ಪ್ರೈಸ್ ಎಷ್ಟು' ಅನ್ನುತ್ತೇವೆ, 'ರನ್ನಿಂಗ್ ರೇಸಲ್ಲಿ ಪ್ರೈಸ್ ಬಂತು' ಅಂತಲೂ ಅನ್ನುತ್ತೇವೆ. ಬೆಲೆಯದು ಸಿ, ಬಹುಮಾನದ್ದು ಝಡ್. ರಿಯಲ್ ಎಸ್ಟೇಟ್ ಜಾಹೀರಾತಿನಲ್ಲಿ 'ಜೆ.ಪಿ. ನಗರ 7ನೇ ಫೇಸ್‌ನಲ್ಲಿ ಈಸ್ಟ್ ಫೇಸ್ ಸೈಟ್' ಎಂದಿದ್ದರೆ ಮೊದಲನೆಯದು ಬಡಾವಣೆಯ ಹಂತ, ಪಿಎಚ್‌ನಿಂದ ಶುರುವಾಗಿ ಜ಼ ಸದ್ದಿನಲ್ಲಿ ಮುಗಿಯುವುದು. ಎರಡನೆಯದು ಮುಖ, ಎಫ್‌ನಿಂದ ಶುರುವಾಗಿ ಸ ಸದ್ದಿನಲ್ಲಿ ಮುಗಿಯುವುದು. ಅದೇ ಜಾಹೀರಾತಿನ ಸೈಟ್ ಎಂದರೆ ಎಸ್-ಐ-ಟಿ-ಇ. ಕಾಲೇಜು ಹುಡುಗರು 'ಸೈಟ್ ಹೊಡೆಯೋದು' ದೃಷ್ಟಿಯ ಸೈಟ್, ಅದರ ನಡುವೆ ಜಿ-ಎಚ್ ಇದೆ. ಪ್ರಬಂಧದಲ್ಲಿ ಆಧಾರ ಉಲ್ಲೇಖಿಸುವ ಸೈಟ್ ಸಿ ಅಕ್ಷರದಿಂದ.

ಲೂಸ್ ಮತ್ತು ಲೂಜ಼್ ಇವುಗಳಲ್ಲಿ ಅತಿ ದುಬಾರಿ ತಪ್ಪು. 'ಅವನೊಬ್ಬ ಲೂಸು', 'ವೈರ್ ಲೂಸ್ ಕನೆಕ್ಷನ್ ಆಗಿದೆ' ಎಂಬಲ್ಲಿರುವ ಸ ಸದ್ದಿನ ಪದ ಸಡಿಲ ಎಂಬ ಅರ್ಥದ್ದು, ಅದಕ್ಕೆ ಎರಡು ಓ. ಕಳೆದುಕೊಳ್ಳುವುದಕ್ಕೆ ಜ಼ ಸದ್ದು, ಒಂದೇ ಓ. ಕಳೆದುಕೊಂಡಾಗ ಒಂದು ಓ ಕೂಡ ಕಳೆದುಹೋಗಿದೆ ಎಂದು ಗುರುತಿಟ್ಟುಕೊಳ್ಳಬಹುದು.

ಬರೀ ಸ್ಪೆಲಿಂಗಿನ ಗೊಂದಲಗಳು ಕೆಲವಿವೆ, ಅವಕ್ಕೆ ಕನ್ನಡದ ನೆರವು ಕಡಿಮೆ. ಪ್ರಿನ್ಸಿಪಲ್ ಎರಡರಲ್ಲಿ ತತ್ವ ಅಥವಾ ನಿಯಮ ಎಂಬ ಅರ್ಥವಿದ್ದರೆ ಪಿಎಲ್‌ಇ, ಮಿಕ್ಕಿದ್ದಕ್ಕೆಲ್ಲ ಪಿಎಎಲ್. ಕಾಲೇಜಿನ ಮುಖ್ಯಸ್ಥರೂ ಪಿಎಎಲ್, ಬ್ಯಾಂಕ್ ಸಾಲದ ಅಸಲೂ ಪಿಎಎಲ್. ಸ್ಟೇಷನರಿಯಲ್ಲಿ ಪೆನ್ನು ಕಾಗದದ ಅಂಗಡಿಗೆ ಇಆರ್‌ವೈ, ನಿಂತಲ್ಲೇ ನಿಂತ ಬಸ್ಸಿಗೆ ಎಆರ್‌ವೈ. ಹೊಗಳಿಕೆಯ ಕಾಂಪ್ಲಿಮೆಂಟಿಗೆ ನಡುವೆ ಐ, ಪೂರಕವಾಗುವುದಕ್ಕೆ ಇ. ಸಿಇಟಿ ಕೌನ್ಸೆಲಿಂಗ್ ಸಮಯದಲ್ಲಿ ಸೈಬರ್ ಸೆಂಟರುಗಳ ಬೋರ್ಡಿನಲ್ಲಿ ಸಿಇಎಲ್ ಎಂದು ತಪ್ಪಾಗಿ ಕಾಣುವ ಪದ ಎಸ್‌ಇಎಲ್‌ನದು. ವಿಧಾನ ಪರಿಷತ್ತಿನ ಕೌನ್ಸಿಲ್ ಬೇರೆ, ಅದಕ್ಕೆ ಸಿಐಎಲ್.

ಇಲ್ಲಿ ಸರಿ, ಅಲ್ಲಿ ಬೇರೆ

'ಐ ಹ್ಯಾವ್ ಎ ಡೌಟ್' ಎಂದರೆ ಇಲ್ಲಿ ಪ್ರಶ್ನೆಯಿದೆ ಎಂದರ್ಥ. ಲಂಡನ್ನಿನಲ್ಲೋ ಡಲ್ಲಾಸಿನಲ್ಲೋ ಕೂತವರಿಗೆ ನಿಮ್ಮ ಮಾತಿನ ಮೇಲೆ ನಂಬಿಕೆಯಿಲ್ಲ ಎಂದು ಕೇಳಿಸಬಹುದು. ಅಲ್ಲಿಗೆ ಕ್ವೆಶ್ಚನ್ ಎನ್ನಿ. 'ಫ್ಯೂ ಡೌಟ್ಸ್' ಎಂದರಂತೂ ಅನುಮಾನ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ ಎಂದಾಗುತ್ತದೆ. 'ಕೆಲವು' ಎನ್ನಬೇಕಾದರೆ ಹಿಂದೆ ಎ ಬೇಕು, ಎ ಫ್ಯೂ. '2018ರಲ್ಲಿ ಪಾಸ್ಡ್ ಔಟ್' ಎಂದರೆ ಅವರ ಕಿವಿಗೆ ನೀವು ಆ ವರ್ಷ ಮೂರ್ಛೆ ಹೋದಿರಿ. ಗ್ರಾಜುಯೇಟೆಡ್ ಎಂದು ಬರೆಯಿರಿ. ರಿವರ್ಟ್ ಎಂದರೆ ಅವರಿಗೆ ಹಳೆಯ ಸ್ಥಿತಿಗೆ ಮರಳುವುದು, ಉತ್ತರಿಸುವುದಕ್ಕೆ ರಿಪ್ಲೈ ಇದೆ. ಸಾಫ್ಟ್‌ವೇರ್ ತಂಡದಲ್ಲಿ 'ಪ್ಲೀಸ್ ರಿವರ್ಟ್' ಎಂದರೆ ಮಾಡಿದ ಬದಲಾವಣೆಯನ್ನೇ ಕಿತ್ತುಹಾಕುವವರೂ ಇದ್ದಾರು. ನಮ್ಮೊಳಗೆ ಆಡುವಾಗ ಇವನ್ನೆಲ್ಲ ತಿದ್ದಿಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಎಲ್ಲರಿಗೂ ಅರ್ಥವಾಗುವ ಭಾರತದ ಇಂಗ್ಲಿಷ್ ಅದು.

ಕಳುಹಿಸುವ ಮುನ್ನ

ಸ್ಪೆಲ್‌ಚೆಕ್ ಈ ತಪ್ಪುಗಳನ್ನು ಹಲವು ಸಲ ಬಿಟ್ಟುಬಿಡುತ್ತದೆ, ಯಾಕೆಂದರೆ ಲೂಸ್ ಕೂಡ ಸರಿಯಾದ ಪದವೇ. ವರ್ಡ್‌ನ ಕೆಂಪು ಅಲೆಗೆರೆ ಸ್ಪೆಲಿಂಗಿನದು. ವ್ಯಾಕರಣಕ್ಕೆ ನೀಲಿ ಜೋಡಿಗೆರೆ ಬರುತ್ತದೆ, ಅದೂ ಒಮ್ಮೊಮ್ಮೆ ಮಾತ್ರ. ಜೋರಾಗಿ ಓದಿ ನೋಡಿದರೂ ಪ್ರಯೋಜನ ಕಡಿಮೆ: ಒಂದೇ ಥರ ಕೇಳಿಸುವುದು ಓದಿದಾಗಲೂ ಒಂದೇ ಥರ ಕೇಳಿಸುತ್ತದೆ. ಕಂಟ್ರೋಲ್ ಮತ್ತು ಎಫ್ ಒತ್ತಿ ನೀವು ಪದೇಪದೇ ಎಡವುವ ಐದಾರು ಪದಗಳನ್ನು ಒಂದೊಂದಾಗಿ ಹುಡುಕಿ. ಸಿನ್ಸ್ ಸಿಕ್ಕಲ್ಲಿ ಅದರ ಮುಂದಿನ ಪದ ನೋಡಿ: ಎಷ್ಟು ದಿನ, ಎಷ್ಟು ವರ್ಷ ಎಂಬ ಲೆಕ್ಕವಿದ್ದರೆ ಫಾರ್ ಮಾಡಿ, 2019ರಂಥ ಇಸವಿಯಾದರೆ ಬಿಟ್ಟುಬಿಡಿ. 'ಯಾಕೆಂದರೆ' ಎಂಬ ಅರ್ಥದ ಸಿನ್ಸ್ ಇದ್ದರೆ ಅದನ್ನೂ ಮುಟ್ಟಬೇಡಿ. ಎಫೆಕ್ಟ್ ಸಿಕ್ಕಲ್ಲಿ ಅದಕ್ಕೆ ಭೂತಕಾಲದ ಇ-ಡಿ ಅಂಟಿದೆಯೇ, ಹಿಂದೆ ವಿಲ್, ಮೇ, ಕ್ಯಾನ್ ಇದೆಯೇ ನೋಡಿ. ಇದ್ದರೆ ಬಹುತೇಕ ಅದು ಎ ಆಗಬೇಕಾದ್ದು. ವಿದಿನ್ ಮುಂದೆ ವಾರದ ಹೆಸರಿದ್ದರೆ ಬೈ ಮಾಡಿ. ಅಪಾಸ್ಟ್ರಫಿ ಇರುವ ಇಟ್ಸ್ ಸಿಕ್ಕಲ್ಲೆಲ್ಲ ಇಟ್ ಈಸ್ ಅಥವಾ ಇಟ್ ಹ್ಯಾಸ್ ಎಂದು ಬಿಡಿಸಿ ಓದಿ. ವಾಕ್ಯ ನಿಲ್ಲದಿದ್ದರೆ ಅಪಾಸ್ಟ್ರಫಿ ತೆಗೆಯಿರಿ. ಮೊಬೈಲಿನಲ್ಲಿ ಬರೆಯುವವರು ಇದನ್ನು ಎರಡು ಸಲ ನೋಡಬೇಕು, ಏಕೆಂದರೆ ಕೀಬೋರ್ಡೇ ಕೇಳದೆ ಅಪಾಸ್ಟ್ರಫಿ ತುರುಕುವುದುಂಟು.